ಕ್ಲಿಕ್ಕಿನ ಸಂಚಾರಕ್ರಮ: ಬಾಧವೋ ಸಮುಚ್ಚಯವೋ?

೧

ಜಾಲಪುಟವನ್ನು ಕಟ್ಟುವವರು ಅಂಗದೊಳಗೆ ಅಂಗವನ್ನಿಟ್ಟು ಕಟ್ಟುವರು. ಪತ್ರಗಳನ್ನು ತೋರಿಸುವ ಒಂದು ಪುಟವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಪುಟದೊಳಗೆ ಪಟ್ಟಿ, ಪಟ್ಟಿಯೊಳಗೆ ಪತ್ರಕ್ಕೊಂದು ಸಾಲು, ಸಾಲಿನ ಕೊನೆಯಲ್ಲಿ 'ಅಳಿಸು' ಎಂಬ ಗುಂಡಿ, ಆ ಗುಂಡಿಯೊಳಗೆ ಕಸದ ಬುಟ್ಟಿಯ ಚಿಕ್ಕದೊಂದು ಚಿತ್ರ. ಸಾಲನ್ನು ಒತ್ತಿದರೆ ಪತ್ರವು ತೆರೆಯತಕ್ಕುದು. ಗುಂಡಿಯನ್ನು ಒತ್ತಿದರೆ ಪತ್ರವು ಅಳಿಯತಕ್ಕುದು. ಹೀಗಿರಲು ಬಳಕೆದಾರನೊಬ್ಬನು ಬುಟ್ಟಿಯ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅವನು ಒತ್ತಿದುದು ಯಾವುದನ್ನು? ಚಿತ್ರವನ್ನೋ, ಗುಂಡಿಯನ್ನೋ, ಸಾಲನ್ನೋ, ಅಥವಾ ಇವೆಲ್ಲವನ್ನೂ ಹೊತ್ತಿರುವ ಪುಟವನ್ನೋ? ಎಲ್ಲವನ್ನೂ ಎಂದು ಹೇಳಿದರೆ ಪತ್ರವು ಅಳಿಯುವ ಗಳಿಗೆಯಲ್ಲಿಯೇ ತೆರೆಯಲೂ ಬೇಕಾಗುವುದು. ಒಳಗಿನದೊಂದನ್ನೇ ಎಂದು ಹೇಳಿದರೆ, ಚಿತ್ರವು ತಾನಾಗಿ ಏನನ್ನೂ ಮಾಡಲರಿಯದುದರಿಂದ ಯಾವ ಕಾರ್ಯವೂ ನಡೆಯದೆ ಹೋಗುವುದು.

ಇದು ಯಂತ್ರಜ್ಞರ ಮಾತು, ಸಾಹಿತ್ಯಾಧ್ಯಾಪಕರಿಗೆ ಇದರಿಂದೇನು ಎಂಬ ಶಂಕೆ ಬರಬಹುದು. ಆದರೆ ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು ಒಂದು ಯಂತ್ರವಲ್ಲ, ಒಂದು ಗ್ರಂಥ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ೨೦೦೦ನೆಯ ಇಸವಿ ನವೆಂಬರ್ ೧೩ರಂದು ಹೊರಡಿಸಿದ 'ಡಾಕ್ಯುಮೆಂಟ್ ಆಬ್ಜೆಕ್ಟ್ ಮಾಡೆಲ್, ಎರಡನೆಯ ಮಟ್ಟ: ಇವೆಂಟ್ಸ್' ಎಂಬ ನಿರೂಪಣೆಯೇ ಆ ಗ್ರಂಥ. ಅದರಲ್ಲಿ ಸಂಜ್ಞೆಗಳಿವೆ, ವಿಧಿಗಳಿವೆ, ವಿಧಿಗಳಿಗೆ ಕ್ರಮವಿದೆ, ಅಪವಾದಗಳಿವೆ. ಮುಂದೆ ಬಂದ ಪಾಠಾಂತರಗಳೂ ಇವೆ. ಆದುದರಿಂದ ಸೂತ್ರಗ್ರಂಥಗಳನ್ನು ಅಳೆಯುವ ಕೋಲಿನಿಂದಲೇ ಇದನ್ನು ಅಳೆಯುವುದು ಯುಕ್ತ. ಆ ಗ್ರಂಥದ ಗುಣವೇನು, ದೋಷವೇನು, ಅದನ್ನು ಬಳಸುವವರು ಎಲ್ಲಿ ತಪ್ಪುವರು ಎಂಬ ಮೂರು ಅಂಶಗಳೇ ಪ್ರಕೃತ ವಿಚಾರಣೀಯವಾದುವು.

೨

ಈ ಗ್ರಂಥಕ್ಕೆ ಮೊದಲು ಎರಡು ಮತಗಳಿದ್ದವು. ೧೯೯೭ರಲ್ಲಿ ಹೊರಬಂದ ನೆಟ್‌ಸ್ಕೇಪ್ ಕಮ್ಯುನಿಕೇಟರ್ ನಾಲ್ಕನೆಯ ಆವೃತ್ತಿಯಲ್ಲಿ ಘಟನೆಯು ಮೇಲಿನಿಂದ ಕೆಳಕ್ಕೆ ಇಳಿಯುವುದೆಂದು ಇಟ್ಟುಕೊಂಡಿದ್ದರು. ಹೊರಗಿನ ಕಿಟಕಿಯು ಬೇಕಾದರೆ ಘಟನೆಯನ್ನು ಮೊದಲೇ ಹಿಡಿದುಕೊಳ್ಳಬಹುದು. ಹಿಡಿದುದನ್ನು ತಾನಾಗಿ ಮುಂದಕ್ಕೆ ಕಳುಹಿಸಿದರೆ ಮಾತ್ರ ಅದು ಒಳಗಿನ ಅಂಗವನ್ನು ಮುಟ್ಟುವುದು. ಅದೇ ವರ್ಷ ಹೊರಬಂದ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಾಲ್ಕನೆಯ ಆವೃತ್ತಿಯು ಇದಕ್ಕೆ ವಿರುದ್ಧವಾದ ಮತವನ್ನು ಹಿಡಿಯಿತು. ಅದರ ಪ್ರಕಾರ ಘಟನೆಯು ಅತ್ಯಂತ ಒಳಗಿನ ಅಂಗದಲ್ಲಿ ಹುಟ್ಟಿ, ನೀರಿನ ಗುಳ್ಳೆಯಂತೆ ಮೇಲಮೇಲಕ್ಕೆ ಏರಿ ಬರುವುದು. ಒಂದು ಮತದಲ್ಲಿ ಹಿರಿಯನಿಗೆ ಮೊದಲ ಮಾತು. ಇನ್ನೊಂದರಲ್ಲಿ ಕಿರಿಯನಿಗೆ ಮೊದಲ ಮಾತು. ಒಂದೇ ಪುಟವನ್ನು ಎರಡು ಬ್ರೌಸರುಗಳಿಗಾಗಿ ಎರಡು ಬಗೆಯಲ್ಲಿ ಬರೆಯಬೇಕಾದ ಕಷ್ಟವು ಇದರಿಂದ ಒದಗಿತು.

೨೦೦೦ದ ಗ್ರಂಥವು ಇವೆರಡನ್ನೂ ಬಿಡದೆ ಸಮನ್ವಯ ಮಾಡಿತು. ಘಟನೆಯು ಮೊದಲು ಪುಟದ ತುದಿಯಿಂದ ಇಳಿದು ಬರುವುದು. ಆಮೇಲೆ ತಾನು ಹುಟ್ಟಿದ ಅಂಗದಲ್ಲಿ ನಿಲ್ಲುವುದು. ಅನಂತರ ಬಂದ ದಾರಿಯಲ್ಲಿಯೇ ಏರಿ ಹೋಗುವುದು. ಈ ಮೂರು ಅವಸ್ಥೆಗಳಿಗೆ 'ಕ್ಯಾಪ್ಚರ್', 'ಟಾರ್ಗೆಟ್', 'ಬಬಲ್' ಎಂದು ಹೆಸರು. ಇವನ್ನು ಕನ್ನಡದಲ್ಲಿ ಅವರೋಹಣ, ಸ್ಥಿತಿ, ಆರೋಹಣ ಎನ್ನಬಹುದು. ದಾರಿಯಲ್ಲಿ ಪ್ರತಿಯೊಂದು ಅಂಗದ ಬಳಿಯಲ್ಲಿಯೂ 'ಲಿಸನರ್' ಎಂಬ ಶ್ರೋತೃವನ್ನು ನಿಲ್ಲಿಸಬಹುದು. ಇಳಿಯುವಾಗ ಕೇಳಬೇಕೋ, ಏರುವಾಗ ಕೇಳಬೇಕೋ ಎಂಬುದನ್ನು ನಿಲ್ಲಿಸುವಾಗಲೇ ಹೇಳತಕ್ಕುದು.

ಸಮನ್ವಯವೆಂದೊಡನೆ ಅದು ಎರಡು ಪಕ್ಷದವರನ್ನೂ ಸಂತೈಸುವ ರಾಜಿಯೆಂದು ಭಾವಿಸುವವರುಂಟು. ರಾಜಿಯೆಂಬುದು ಸುಳ್ಳಲ್ಲ. ಆದರೆ ಅದರಿಂದ ಗ್ರಂಥಕ್ಕೆ ಬಂದ ಲಾಭವೂ ದೊಡ್ಡದು. ಬರೆಯುವ ಪೆಟ್ಟಿಗೆಯೊಂದಕ್ಕೆ ಗಮನವು ಬಂದಾಗ ಹುಟ್ಟುವ 'ಫೋಕಸ್' ಎಂಬ ಘಟನೆಯು ಏರಿ ಬರುವುದಿಲ್ಲ. ಆರೋಹಣವೊಂದೇ ಇದ್ದಿದ್ದರೆ ಹೊರಗಿನ ಅಂಗವು ಅದನ್ನು ಎಂದೂ ಕೇಳುತ್ತಿರಲಿಲ್ಲ. ಅವರೋಹಣದಲ್ಲಿ ಕಿವಿಗೊಟ್ಟರೆ ಅದೂ ಕೇಳಿಬರುವುದು.

೩

ಗ್ರಂಥದ ಮುಖ್ಯ ಗುಣವು ಬೆರಕೆಯಾಗಬಹುದಾಗಿದ್ದ ಮೂರು ವಿಷಯಗಳನ್ನು ಬಿಡಿಸಿ ಇಟ್ಟುದರಲ್ಲಿದೆ. ಘಟನೆಯು ಎಲ್ಲಿ ಹುಟ್ಟಿತು ಎಂಬುದು ಒಂದು. ಇದಕ್ಕೆ 'ಟಾರ್ಗೆಟ್' ಎಂದು ಸಂಜ್ಞೆ. ಈಗ ಯಾವ ಅಂಗದ ಶ್ರೋತೃವು ಕೇಳುತ್ತಿರುವುದು ಎಂಬುದು ಎರಡನೆಯದು. ಇದಕ್ಕೆ 'ಕರೆಂಟ್‌ಟಾರ್ಗೆಟ್' ಎಂದು ಸಂಜ್ಞೆ. ಯಾರು ಏನನ್ನೂ ಹೇಳದಿದ್ದರೆ ಬ್ರೌಸರು ತಾನಾಗಿ ಮಾಡುವ ಕಾರ್ಯವೇನು ಎಂಬುದು ಮೂರನೆಯದು. ಕೊಂಡಿಯನ್ನು ಒತ್ತಿದರೆ ಬೇರೆ ಪುಟಕ್ಕೆ ಹೋಗುವುದು ಇದಕ್ಕೆ ಉದಾಹರಣೆ. ಮೊದಲನೆಯದು ಪಯಣದ ಉದ್ದಕ್ಕೂ ಒಂದೇ ಆಗಿರುವುದು. ಎರಡನೆಯದು ಹೆಜ್ಜೆಹೆಜ್ಜೆಗೂ ಬದಲಾಗುವುದು. ಮೂರನೆಯದು ಸಂಚಾರದಿಂದ ಬೇರೆಯೇ ಆದ ವಿಷಯ. ಆದುದರಿಂದಲೇ ಗ್ರಂಥವು ಸಂಚಾರವನ್ನು ತಡೆಯಲು 'ಸ್ಟಾಪ್‌ಪ್ರಾಪಗೇಷನ್' ಎಂಬ ಒಂದು ಆಜ್ಞೆಯನ್ನೂ, ಬ್ರೌಸರಿನ ಸಹಜಕಾರ್ಯವನ್ನು ತಡೆಯಲು 'ಪ್ರಿವೆಂಟ್‌ಡಿಫಾಲ್ಟ್' ಎಂಬ ಇನ್ನೊಂದು ಆಜ್ಞೆಯನ್ನೂ ಬೇರೆಬೇರೆಯಾಗಿ ವಿಧಿಸಿದೆ. ಒಂದರಿಂದ ಇನ್ನೊಂದರ ಕೆಲಸವಾಗದು.

ಎರಡನೆಯ ಗುಣವು ಇದಕ್ಕಿಂತಲೂ ಸೂಕ್ಷ್ಮವಾದುದು. ಘಟನೆಯು ಹೊರಡುವ ಮೊದಲೇ ಅದರ ದಾರಿಯು ನಿಶ್ಚಿತವಾಗುವುದೆಂದು ಗ್ರಂಥವು ಹೇಳುತ್ತದೆ. ನಡುವೆ ಯಾವನೋ ಒಬ್ಬ ಶ್ರೋತೃವು ಮರದ ಕೊಂಬೆಯನ್ನೇ ಕಡಿದುಹಾಕಿದರೂ ಘಟನೆಯು ತಾನು ಮೊದಲು ಕಂಡುಕೊಂಡ ದಾರಿಯನ್ನೇ ಹಿಡಿಯುವುದು. ಈ ವಿಧಿಯನ್ನು ಮರೆತವರ ಪುಟಗಳಲ್ಲಿ ಒಂದು ವಿಚಿತ್ರವಾದ ದೋಷ ಕಾಣುವುದುಂಟು. ತೆರೆದಿರುವ ಮೆನುವಿನ ಹೊರಗೆ ಒತ್ತಿದರೆ ಅದು ಮುಚ್ಚಬೇಕೆಂದು ಪುಟದ ತುದಿಯಲ್ಲಿ ಶ್ರೋತೃವನ್ನು ನಿಲ್ಲಿಸಿರುವರು. ಮೆನುವಿನ ಒಳಗಿನ ಸಾಲೊಂದನ್ನು ಒತ್ತಿದಾಗ ಆ ಸಾಲಿನ ಶ್ರೋತೃವು ಹಳೆಯ ಸಾಲನ್ನು ತೆಗೆದು ಹೊಸದನ್ನು ಬರೆಯುವುದು. ಅಷ್ಟರಲ್ಲಿ ಘಟನೆಯು ಮೇಲಕ್ಕೆ ತಲುಪುವುದು. ತುದಿಯ ಶ್ರೋತೃವು "ಹುಟ್ಟಿದ ಅಂಗವು ಮೆನುವಿನೊಳಗಿದೆಯೇ?" ಎಂದು ಈಗಿನ ಮರವನ್ನು ಕೇಳುವುದು, ಆ ಅಂಗವೇ ಮರದಲ್ಲಿಲ್ಲವಾದುದರಿಂದ "ಇಲ್ಲ" ಎಂಬ ಉತ್ತರ ಬಂದು ಮೆನುವು ಮುಚ್ಚಿಹೋಗುವುದು. ಒಳಗೆ ಒತ್ತಿದವನಿಗೆ ಹೊರಗೆ ಒತ್ತಿದ ಫಲ! ಈಗಿನ ನಿರೂಪಣೆಯಲ್ಲಿರುವ 'ಕಂಪೋಸ್ಡ್‌ಪಾತ್' ಎಂಬುದನ್ನು ಕೇಳಿದ್ದರೆ, ಹೊರಡುವಾಗ ನಿಶ್ಚಿತವಾದ ದಾರಿಯೇ ಉತ್ತರವಾಗಿ ಬಂದು ಈ ದೋಷ ತಪ್ಪುತ್ತಿತ್ತು. ಮರವು ಈಗ ಹೇಗಿದೆ ಎಂಬುದು ಬೇರೆ, ಒತ್ತಿದ ಗಳಿಗೆಯಲ್ಲಿ ಹೇಗಿತ್ತು ಎಂಬುದು ಬೇರೆ. ಬಳಕೆದಾರನ ಅಭಿಪ್ರಾಯವು ಎರಡನೆಯದಕ್ಕೆ ಸೇರಿದುದು.

೪

ಇನ್ನು ಪ್ರಯೋಗದ ವಿಚಾರ. ಮೊದಲು ಹೇಳಿದ ಪತ್ರದ ಸಾಲಿಗೆ ಮರಳಿದರೆ, ಗುಂಡಿಯನ್ನು ಒತ್ತಿದಾಗ ಪತ್ರವು ಅಳಿದುದಲ್ಲದೆ ತೆರೆಯಲೂ ತೊಡಗಿತೆಂಬ ದೂರು ಬಂದೊಡನೆ ಹೆಚ್ಚಿನ ಪ್ರೋಗ್ರಾಮರುಗಳು ಮಾಡುವ ಚಿಕಿತ್ಸೆ ಒಂದೇ. ಗುಂಡಿಯ ಶ್ರೋತೃವಿನಲ್ಲಿ 'ಸ್ಟಾಪ್‌ಪ್ರಾಪಗೇಷನ್' ಎಂದು ಬರೆದುಬಿಡುವರು. ಘಟನೆಯು ಗುಂಡಿಯಲ್ಲಿಯೇ ನಿಲ್ಲುವುದು, ಸಾಲಿಗೆ ಸುದ್ದಿ ಮುಟ್ಟದು, ದೂರು ತೀರುವುದು.

ಈ ಚಿಕಿತ್ಸೆಯ ಹಿಂದಿರುವ ತಿಳಿವಳಿಕೆ ಯಾವುದೆಂಬುದನ್ನು ವ್ಯಾಕರಣದ ಪರಿಭಾಷೆಯಿಂದ ಸ್ಪಷ್ಟಪಡಿಸಬಹುದು. ಸಾಮಾನ್ಯವಿಧಿಯನ್ನು ವಿಶೇಷವಿಧಿಯು ತಳ್ಳಿಹಾಕುವುದಕ್ಕೆ ಬಾಧವೆಂದು ಹೆಸರು. ಉತ್ಸರ್ಗವನ್ನು ಅಪವಾದವು ಬಾಧಿಸುವುದು. ಎರಡು ವಿಧಿಗಳು ಒಂದನ್ನೊಂದು ತಳ್ಳದೆ ಒಟ್ಟಿಗೆ ನಡೆಯುವುದಕ್ಕೆ ಸಮುಚ್ಚಯವೆಂದು ಹೆಸರು. ಅಂತರಂಗ, ಬಹಿರಂಗ ಎಂಬ ವಿಭಾಗವೂ ಪಾಣಿನೀಯರಲ್ಲಿ ಪ್ರಸಿದ್ಧ. ಎರಡೂ ಒಮ್ಮೆಲೆ ಒದಗಿದರೆ ಅಂತರಂಗಕಾರ್ಯಕ್ಕೆ ಅಲ್ಲಿ ಪ್ರಾಬಲ್ಯ. ಸಾಲಿನ ವಿಧಿಯು ಸಾಮಾನ್ಯ, ಗುಂಡಿಯ ವಿಧಿಯು ವಿಶೇಷ. ಸಾಲು ಬಹಿರಂಗ, ಗುಂಡಿಯು ಅಂತರಂಗ. ಆದುದರಿಂದ ಗುಂಡಿಯು ಸಾಲನ್ನು ಬಾಧಿಸುವುದು ಸಹಜವೆಂದು ಪ್ರೋಗ್ರಾಮರನು ಭಾವಿಸುವನು. ಆದರೆ ಗ್ರಂಥವು ಹಾಗೆ ಹೇಳಿಲ್ಲ. ಆರೋಹಣದಲ್ಲಿ ಅಂತರಂಗಕ್ಕೆ ದೊರೆಯುವುದು ಪ್ರಾಥಮ್ಯ ಮಾತ್ರ, ಪ್ರಾಬಲ್ಯವಲ್ಲ. ಅದು ಮೊದಲು ಕೇಳುವುದು. ತಾನು ಕೇಳಿದ ಮಾತ್ರಕ್ಕೆ ಉಳಿದವರ ಕಿವಿ ಮುಚ್ಚುವುದಿಲ್ಲ. ಗ್ರಂಥದ ಮತವು ಸಮುಚ್ಚಯ. ಪ್ರಯೋಗದವರ ಮತವು ಬಾಧ. ದೋಷಗಳೆಲ್ಲ ಹುಟ್ಟುವುದು ಈ ಎರಡರ ನಡುವಣ ಬಿರುಕಿನಲ್ಲಿ.

ಬಾಧಮತದಿಂದ ಹಾನಿಯೇನೆಂದರೆ, ಗುಂಡಿಯು ತನ್ನ ತಂದೆಯಾದ ಸಾಲೊಂದನ್ನೇ ಅಲ್ಲದೆ ಮೇಲಿರುವ ಎಲ್ಲರನ್ನೂ ಬಾಧಿಸುವುದು. ಪುಟದ ತುದಿಯಲ್ಲಿ ಮೆನುವನ್ನು ಮುಚ್ಚಲೆಂದು ಕಾದು ನಿಂತ ಶ್ರೋತೃವಿಗೂ ಸುದ್ದಿ ಹೋಗದು. ಬಳಕೆದಾರನು ಮೆನುವಿನ ಹೊರಗಿರುವ ಗುಂಡಿಯನ್ನು ಒತ್ತಿದರೂ ಮೆನುವು ತೆರೆದೇ ಇರುವುದು. ಗುಂಡಿಯನ್ನು ಬರೆದವನೊಬ್ಬ, ಮೆನುವನ್ನು ಬರೆದವನು ಇನ್ನೊಬ್ಬ. ಇಬ್ಬರೂ ತಮ್ಮ ತಮ್ಮ ಭಾಗದಲ್ಲಿ ತಪ್ಪನ್ನು ಕಾಣರು. ಮೆನುವಿನವನು ದೋಷಪರಿಹಾರಕ್ಕಾಗಿ ತನ್ನ ಶ್ರೋತೃವನ್ನು ಅವರೋಹಣಕ್ಕೆ ಬದಲಾಯಿಸುವನು; ಮೂರನೆಯವನೊಬ್ಬನು ಅವರೋಹಣದಲ್ಲಿಯೂ ತಡೆಯನ್ನು ಹಾಕುವನು. ಹೀಗೆ ಒಬ್ಬರ ಮೇಲೊಬ್ಬರು ಬಾಧವನ್ನು ಹೇರುತ್ತ ಹೋದರೆ ಕೊನೆಗೆ ಪುಟದಲ್ಲಿ ಯಾರ ಮಾತು ಯಾರಿಗೆ ಕೇಳುವುದೆಂಬುದನ್ನು ಬರೆದವರೂ ಹೇಳಲಾರರು. ಕಿರಿದಾದ ಅಂಗವು ತನ್ನ ಮೇಲಿರುವವರು ಯಾರು, ಅವರು ಏತಕ್ಕಾಗಿ ಕೇಳುತ್ತಿರುವರು ಎಂಬುದನ್ನು ಅರಿಯದು. ಅರಿಯದವನ ಕೈಯಲ್ಲಿ ಎಲ್ಲರ ಪರವಾಗಿ ನಿರ್ಣಯಿಸುವ ಅಧಿಕಾರವನ್ನಿಡುವುದು ನ್ಯಾಯವಲ್ಲ.

೫

ಪ್ರಯೋಗದವರ ತಪ್ಪಿಗೆ ಗ್ರಂಥವೂ ಅಷ್ಟಿಷ್ಟು ಹೊಣೆಯಾಗಿದೆ. ಮೊದಲನೆಯದಾಗಿ ಅದರ ಸಂಜ್ಞೆಗಳು ಅನ್ವರ್ಥವಾಗಿಲ್ಲ. 'ಕ್ಯಾಪ್ಚರ್' ಎಂದರೆ ಸೆರೆಹಿಡಿಯುವುದು. ನೆಟ್‌ಸ್ಕೇಪಿನ ಹಳೆಯ ಮತದಲ್ಲಿ ಹೊರಗಿನ ಅಂಗವು ಘಟನೆಯನ್ನು ನಿಜವಾಗಿಯೂ ಹಿಡಿದಿಡುತ್ತಿದ್ದುದರಿಂದ ಅಲ್ಲಿ ಆ ಹೆಸರು ಯೌಗಿಕವಾಗಿತ್ತು. ೨೦೦೦ದ ಗ್ರಂಥದಲ್ಲಿ ಯಾರೂ ಯಾರನ್ನೂ ಹಿಡಿಯುವುದಿಲ್ಲ, ಕೇಳುವರು ಮಾತ್ರ. ಹೆಸರು ರೂಢಿಯಾಗಿ ಉಳಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರಿನಿಂದ ಬಂದ 'ಕ್ಯಾನ್ಸಲ್‌ಬಬಲ್' ಎಂಬ ಪದದ ಗತಿಯೂ ಹೀಗೆಯೇ. ಆರೋಹಣವೊಂದೇ ಇದ್ದ ಮತದಲ್ಲಿ ಅದಕ್ಕೆ ಅರ್ಥವಿತ್ತು. ಈಗಿನ ನಿರೂಪಣೆಯಲ್ಲಿ ಅದು 'ಸ್ಟಾಪ್‌ಪ್ರಾಪಗೇಷನ್'ಗೆ ಪರ್ಯಾಯವಾಗಿ ನಿಂತು ಇಳಿಯುವ ಘಟನೆಯನ್ನೂ ತಡೆಯುವುದು. ಗುಳ್ಳೆಯನ್ನು ನಿಲ್ಲಿಸುವೆನೆಂದು ಹೇಳಿ ಮಳೆಯನ್ನೂ ನಿಲ್ಲಿಸಿದಂತಾಯಿತು. ಹೆಸರನ್ನು ನಂಬಿದವನು ಮೋಸಹೋಗುವುದರಲ್ಲಿ ಆಶ್ಚರ್ಯವೇನು?

ಎರಡನೆಯದಾಗಿ, ಇಳಿಯುವಾಗ ಕೇಳಬೇಕೋ ಏರುವಾಗ ಕೇಳಬೇಕೋ ಎಂಬ ಮುಖ್ಯ ಭೇದವನ್ನು ಗ್ರಂಥವು 'ಆಡ್‌ಇವೆಂಟ್‌ಲಿಸನರ್' ಎಂಬ ಆಜ್ಞೆಯ ಮೂರನೆಯ ಸ್ಥಾನದಲ್ಲಿ ಬರಿಯ ಹೌದು-ಅಲ್ಲಗಳ ರೂಪದಲ್ಲಿ ಇಟ್ಟಿತು. ಓದುವವನಿಗೆ ಅಲ್ಲಿ 'ಹೌದು' ಎಂದು ಕಾಣುವುದೇ ಹೊರತು ಯಾವುದಕ್ಕೆ ಹೌದೆಂಬುದು ಕಾಣದು. ಮುಂದಿನ ನಿರೂಪಣೆಯಲ್ಲಿ ಆ ಸ್ಥಾನದಲ್ಲಿ ಹೆಸರುಳ್ಳ ಆಯ್ಕೆಗಳನ್ನು ಬರೆಯಲು ಅವಕಾಶ ಕೊಟ್ಟುದು ಈ ದೋಷಕ್ಕೆ ತಕ್ಕ ತಿದ್ದುಪಡಿ.

ಮೂರನೆಯದು ಪಾಠಾಂತರ. ಅವರೋಹಣಕ್ಕಾಗಿ ನಿಲ್ಲಿಸಿದ ಶ್ರೋತೃವು, ಘಟನೆಯು ತನ್ನ ಅಂಗದಲ್ಲಿಯೇ ಹುಟ್ಟಿದಾಗ ಅದನ್ನು ಕೇಳತಕ್ಕುದೇ? ೨೦೦೦ದ ಪಾಠವು ಕೇಳತಕ್ಕುದಲ್ಲ ಎಂದಿತು. ಬ್ರೌಸರುಗಳ ಆಚಾರವು ಇದಕ್ಕೆ ಭಿನ್ನವಾಗಿ ಬೆಳೆಯಿತು: ಹುಟ್ಟಿದ ಅಂಗದಲ್ಲಿ ಎರಡು ಬಗೆಯ ಶ್ರೋತೃಗಳೂ ನಿಲ್ಲಿಸಿದ ಅನುಕ್ರಮದಲ್ಲಿ ಕೇಳತೊಡಗಿದವು. ಈಗಿನ ಪಾಠದಲ್ಲಿ ಅವರೋಹಣದವರು ಮೊದಲು, ಆರೋಹಣದವರು ಆಮೇಲೆ ಎಂದು ನಿಶ್ಚಯವಾಗಿದೆ. ಕ್ರೋಮ್ ಬ್ರೌಸರು ೨೦೨೧ರಲ್ಲಿ ತನ್ನ ೮೯ನೆಯ ಆವೃತ್ತಿಯಿಂದ ಈ ಪಾಠವನ್ನು ಹಿಡಿಯಿತು. ಮೂರು ಪಾಠಗಳಲ್ಲಿ ಕೊನೆಯದೇ ಗ್ರಾಹ್ಯ. ಸಂಚಾರದಲ್ಲೆಲ್ಲ ಇರುವ ಕ್ರಮವು ಹುಟ್ಟಿದ ಅಂಗವೊಂದರಲ್ಲಿ ಮಾತ್ರ ತಲೆಕೆಳಗಾಗಲು ಕಾರಣವಿಲ್ಲ.

ನಾಲ್ಕನೆಯದಾಗಿ ಒಂದು ಕ್ಲಿಕ್ಕು ಎರಡಾಗುವ ಪ್ರಸಂಗವಿದೆ. 'ಲೇಬಲ್' ಎಂಬ ಹೆಸರುಪಟ್ಟಿಯೊಳಗೆ ಗುರುತುಹಾಕುವ ಚೌಕವೊಂದಿದ್ದರೆ, ಪಟ್ಟಿಯ ಅಕ್ಷರಗಳನ್ನು ಒತ್ತಿದಾಗ ಮೊದಲೊಂದು ಕ್ಲಿಕ್ಕು ಏರಿ ಹೋಗುವುದು. ಅನಂತರ ಬ್ರೌಸರಿನ ಸಹಜಕಾರ್ಯವಾಗಿ ಚೌಕದಲ್ಲಿ ಇನ್ನೊಂದು ಕ್ಲಿಕ್ಕು ಹುಟ್ಟಿ ಅದೂ ಏರಿ ಹೋಗುವುದು. ಹೊರಗಿನ ಶ್ರೋತೃವಿಗೆ ಒಂದೇ ಒತ್ತಿಗೆ ಎರಡು ಸುದ್ದಿ. ಕ್ಲಿಕ್ಕಿಗೊಮ್ಮೆ ಆಯ್ಕೆಯನ್ನು ಮಗುಚುವ ಪ್ರೋಗ್ರಾಮಾದರೆ ಎರಡು ಸಲ ಮಗುಚಿ ಇದ್ದಲ್ಲಿಗೇ ಬಂದು ನಿಲ್ಲುವುದು. ಸಂಚಾರವನ್ನೂ ಸಹಜಕಾರ್ಯವನ್ನೂ ಬೇರೆಬೇರೆ ಎಂದು ಅರಿತವನಿಗೆ ಇದು ಒಗಟಲ್ಲ. ಅರಿಯದವನಿಗೆ ಇದು ಭೂತಚೇಷ್ಟೆ.

೬

ಹಾಗಾದರೆ ಸಮುಚ್ಚಯಮತದಲ್ಲಿ ಪತ್ರದ ಸಾಲಿನ ಸಮಸ್ಯೆಗೆ ಪರಿಹಾರವೇನು? ನಿರ್ಣಯವನ್ನು ಕಿರಿಯನಿಂದ ಹಿರಿಯನಿಗೆ ಒಪ್ಪಿಸುವುದೇ ಪರಿಹಾರ. ಸಾಲಿನ ಶ್ರೋತೃವು ಸುದ್ದಿಯನ್ನು ಕೇಳಲಿ. ಕೇಳಿದ ಮೇಲೆ ಘಟನೆಯು ಎಲ್ಲಿ ಹುಟ್ಟಿತೆಂದು ನೋಡಲಿ. ಅದು ಗುಂಡಿಯಿಂದ ಬಂದುದಾದರೆ ತಾನು ಸುಮ್ಮನಿರಲಿ. ಇಲ್ಲಿ ಒಂದು ಎಚ್ಚರ ಬೇಕು. ಹುಟ್ಟಿದ ಅಂಗವು ಗುಂಡಿಯೇ ಎಂದು ಕೇಳಿದರೆ ಸಾಲದು. ಒತ್ತಿದುದು ಬುಟ್ಟಿಯ ಚಿತ್ರವಾಗಿರಬಹುದು. ಹುಟ್ಟಿದ ಅಂಗದಿಂದ ಮೇಲಕ್ಕೆ ನೋಡುತ್ತ ಗುಂಡಿಯೊಂದು ಸಿಕ್ಕುವುದೇ ಎಂದು ಕೇಳಬೇಕು. ಇದಕ್ಕಾಗಿಯೇ 'ಕ್ಲೋಸೆಸ್ಟ್' ಎಂಬ ಸಾಧನವಿದೆ. ಇದರಿಂದ ಸಾಲು ಸುಮ್ಮನಿದ್ದರೂ ಮೇಲಿನವರ ಹಕ್ಕು ಕೆಡುವುದಿಲ್ಲ. ಮೆನುವು ಮುಚ್ಚುವುದು ಮುಚ್ಚಿಯೇ ಮುಚ್ಚುವುದು. ಸಾವಿರ ಸಾಲುಗಳಿಗೆ ಸಾವಿರ ಶ್ರೋತೃಗಳನ್ನು ನಿಲ್ಲಿಸುವ ಬದಲು ಪಟ್ಟಿಗೊಬ್ಬನನ್ನೇ ನಿಲ್ಲಿಸುವ ಲಾಘವವೂ ಇದರಿಂದಲೇ ದೊರೆಯುವುದು.

ಆದರೂ ಹುಟ್ಟಿದ ಸ್ಥಾನವೇ ಸರ್ವಪ್ರಮಾಣವೆಂದು ಹೇಳಲಾಗದು. ಪುಟದ ಮೇಲೊಂದು ಮಂಕುಪರದೆ, ಅದರೊಳಗೆ ಬರೆಯಲು ಒಂದು ಚೌಕ, ಪರದೆಯನ್ನು ಒತ್ತಿದರೆ ಎಲ್ಲವೂ ಮುಚ್ಚುವುದು ಎಂಬ ಏರ್ಪಾಡನ್ನು ಎಣಿಸಿಕೊಳ್ಳಬಹುದು. ಬಳಕೆದಾರನು ತಾನು ಬರೆದ ಮಾತುಗಳನ್ನು ಆಯ್ದುಕೊಳ್ಳಲೆಂದು ಚೌಕದೊಳಗೆ ಮೌಸನ್ನು ಒತ್ತಿ, ಎಳೆಯುತ್ತ ಹೋಗಿ, ಕೈತಪ್ಪಿ ಪರದೆಯ ಮೇಲೆ ಬಿಟ್ಟನು. ಒತ್ತಿದುದೊಂದು ಅಂಗ, ಬಿಟ್ಟುದು ಇನ್ನೊಂದು ಅಂಗವಾದರೆ ಕ್ಲಿಕ್ಕು ಅವೆರಡಕ್ಕೂ ಸಮೀಪದ ಸಮಾನಪೂರ್ವಜನಲ್ಲಿ ಹುಟ್ಟುವುದೆಂಬುದು ಈಗಿನ ನಿಯಮ. ಚೌಕವು ಪರದೆಯೊಳಗೇ ಇರುವುದರಿಂದ ಆ ಪೂರ್ವಜನು ಪರದೆಯೇ. ಅದು "ನನ್ನಲ್ಲಿಯೇ ಹುಟ್ಟಿತು" ಎಂದು ನಂಬಿ ಮುಚ್ಚಿಕೊಳ್ಳುವುದು. ಅರ್ಧಗಂಟೆ ಕುಳಿತು ಬರೆದ ಮಾತುಗಳು ಒಂದು ಕ್ಷಣದಲ್ಲಿ ಇಲ್ಲವಾಗುವುವು. ಇಂಥಲ್ಲಿ ಮೌಸನ್ನು ಒತ್ತಿದ ಸ್ಥಾನವನ್ನೂ ನೆನಪಿನಲ್ಲಿಟ್ಟುಕೊಂಡು ಎರಡೂ ಪರದೆಯ ಮೇಲಾಗಿದ್ದರೆ ಮಾತ್ರ ಮುಚ್ಚತಕ್ಕುದು. ನಿಯಮಕ್ಕೆ ಕಾಣುವುದು ಸ್ಥಾನ. ಮನುಷ್ಯನಿಗೆ ಇರುವುದು ಉದ್ದೇಶ. ಎರಡೂ ಒಂದೆಂದು ತಿಳಿದ ಪ್ರೋಗ್ರಾಮು ಬಳಕೆದಾರನ ಶ್ರಮವನ್ನು ಹಾಳುಮಾಡುವುದು.

ಇನ್ನೊಂದು ಕಡೆ ಪರಿಹಾರವಿರುವುದು ಶ್ರೋತೃಗಳಲ್ಲಿ ಅಲ್ಲ, ಕಟ್ಟಡದಲ್ಲಿ. ಸಾಲನ್ನೆಲ್ಲ ಒಂದು ಕೊಂಡಿಯನ್ನಾಗಿ ಮಾಡಿ ಅದರೊಳಗೆ ಗುಂಡಿಯನ್ನಿಡುವ ಅಭ್ಯಾಸವುಂಟು. ಕೊಂಡಿಯೊಳಗೆ ಗುಂಡಿ ಬರಕೂಡದೆಂದು ಎಚ್‌ಟಿಎಂಎಲ್ ನಿಯಮವೇ ನಿಷೇಧಿಸಿದೆ. ಕ್ಲಿಕ್ಕೆಂದರೆ ಮೌಸಿನದು ಮಾತ್ರವಲ್ಲ. ಗುಂಡಿಯ ಮೇಲೆ ಗಮನವಿಟ್ಟು ಕೀಲಿಮಣೆಯ ಎಂಟರ್ ಕೀಲಿಯನ್ನು ಒತ್ತಿದರೂ ಕ್ಲಿಕ್ಕೇ ಹುಟ್ಟಿ ಏರುವುದು. ಕಣ್ಣು ಕಾಣದವರು ಪುಟವನ್ನು ಓದಿಹೇಳುವ ಸಾಧನದಿಂದ ಕೇಳುವರು. ಒಂದರೊಳಗೊಂದು ಹೊಕ್ಕ ಎರಡು ಒತ್ತುವ ಅಂಗಗಳನ್ನು ಅವರಿಗೆ ಬಿಡಿಸಿ ಹೇಳುವುದು ಆ ಸಾಧನಕ್ಕೆ ಕಷ್ಟ. ಪತ್ರದ ಹೆಸರನ್ನು ಮಾತ್ರ ಕೊಂಡಿಯಾಗಿ ಮಾಡಿ, ಅಳಿಸುವ ಗುಂಡಿಯನ್ನು ಅದರ ಪಕ್ಕದಲ್ಲಿ, ಒಳಗಲ್ಲದೆ, ಇಟ್ಟರೆ ವಿವಾದವೇ ಹುಟ್ಟುವುದಿಲ್ಲ.

೭

ಇಷ್ಟರಿಂದ ಸಿದ್ಧವಾದುದೇನೆಂದರೆ: ೨೦೦೦ದ ಗ್ರಂಥದ ಹೆಸರುಗಳು ಒರಟು, ಅಲ್ಲಲ್ಲಿ ವಿಧಿಗಳು ಸಡಿಲು; ಆದರೆ ಅದರ ಮೂಲತತ್ತ್ವವು ದೃಢವಾದುದು. ಒಳಗಿನದನ್ನು ಮುಟ್ಟಿದವನು ಹೊರಗಿನದನ್ನೂ ಮುಟ್ಟಿದನು. ಆ ಸುದ್ದಿಯನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. ಕೇಳಿ ನಡೆಯುವ ಹೊಣೆ ಅವರವರದು. 'ಸ್ಟಾಪ್‌ಪ್ರಾಪಗೇಷನ್' ಎಂಬ ಆಜ್ಞೆಯು ಎಂದೂ ಕೂಡದೆಂದಲ್ಲ. ಮೇಲಿನ ಶ್ರೋತೃಗಳೆಲ್ಲ ಯಾರೆಂಬುದನ್ನು ಬಲ್ಲವನು, ಅವರಲ್ಲಿ ಯಾರಿಗೂ ಆ ಸುದ್ದಿ ಬೇಡವೆಂಬುದನ್ನು ನಿಶ್ಚಯಿಸಿಕೊಂಡವನು ಅದನ್ನು ಬಳಸಬಹುದು. ದೂರು ಬಂದೊಡನೆ ಕೈಗೆ ಸಿಕ್ಕಿದ ಮದ್ದೆಂದು ಬಳಸುವುದು ಮಾತ್ರ ಅನುಚಿತ.

ಸೂತ್ರವನ್ನು ಓದದೆ ಉದಾಹರಣೆಗಳನ್ನಷ್ಟೇ ನಕಲುಮಾಡುವ ವಿದ್ಯಾರ್ಥಿಯು ವ್ಯಾಕರಣದಲ್ಲಿ ಎಡವುವಂತೆಯೇ ಇಲ್ಲಿಯೂ ಎಡವುವನು. ಅಪವಾದವು ಉತ್ಸರ್ಗವನ್ನು ಎಲ್ಲಿ ಬಾಧಿಸುವುದು, ಎಲ್ಲಿ ಬಾಧಿಸದು ಎಂಬುದನ್ನು ಸೂತ್ರದ ಮಾತಿನಿಂದಲೇ ತಿಳಿಯಬೇಕು, ಅನುಕೂಲದಿಂದಲ್ಲ. ಆ ಶಿಸ್ತನ್ನು ಕಲಿಸುತ್ತ ಬಂದ ಅಧ್ಯಾಪಕರಿಗೆ ಈ ಹೊಸ ಗ್ರಂಥದ ಭಾಷೆ ಪರಕೀಯವಾಗಿ ಕಂಡರೂ ಅದರ ನ್ಯಾಯವು ಪರಿಚಿತವಾದುದೇ ಆಗಿದೆ.